ಮನೆ ಮಾತು ಮನೆಮಾತಾದಾಗ

ಕಳೆದ ಆಷಾಢದ ಒಂದು ಶನಿವಾರ. ತಿಪಟೂರಿನಲ್ಲಿರುವ ಅಪ್ಪನ ಟೈಲರಿಂಗ್ ಅಂಗಡಿಗೆ ಹಳೆಯ ಗಿರಾಕಿಯೊಬ್ಬರು ಬಂದು, ಹೊಲಿಯಲು ಕೊಟ್ಟಿದ್ದ ಎರಡು ಪ್ಯಾಂಟ್ ತೆಗೆದುಕೊಂಡರು. ಹೊಲಿಗೆ ಕೂಲಿ 900 ರೂಪಾಯಿ. ಅವರು 1,400 ಎಣಿಸಿ ಕೊಟ್ಟು, "ಟೈಲರ್ರೇ, ಮಿಕ್ಕಿದ್ದು ಮಗಳ ಫೀಸಿಗೆ ಇರ್ಲಿ. ಮೊಬೈಲಲ್ಲಿ ಎಲ್ಲಾ ಓದ್ದೆ. ಪಾಪ, ಕಷ್ಟದಲ್ಲಿದೀರ" ಅಂದರಂತೆ. ಅಪ್ಪ ಐನೂರರ ನೋಟನ್ನು ಅವರ ಕೈಗೇ ವಾಪಸ್ ಇಟ್ಟು ಕಳಿಸಿದರು. ಆಮೇಲೆ ಪಕ್ಕದ ಅಂಗಡಿಯ ಹುಡುಗನನ್ನು ಕರೆದು, "ನನ್ ಮಗಳು ಮೊಬೈಲಲ್ಲಿ ಏನ್ ಬರ್ದಿದಾಳೆ, ಸ್ವಲ್ಪ ಓದಿ ಹೇಳಪ್ಪ" ಅಂದರು.

ಬರೆದವಳು ನಾನೇ. ತುಮಕೂರಿನಲ್ಲಿ ಬಿ.ಇ. ಮೂರನೇ ವರ್ಷ ಓದುತ್ತಿದ್ದೇನೆ, ಎಲೆಕ್ಟ್ರಾನಿಕ್ಸ್ ವಿಭಾಗ. ಚಿತ್ರ ಬರೆಯುವುದನ್ನು ಯಾರೂ ಕಲಿಸಿದ್ದಲ್ಲ. ಅಪ್ಪ ಬಟ್ಟೆ ಕತ್ತರಿಸುವ ಮೊದಲು ಚಾಕ್‌ನಲ್ಲಿ ಎಳೆಯುತ್ತಿದ್ದ ಗೆರೆಗಳನ್ನು ನೋಡುತ್ತ ಬೆಳೆದವಳು. ಮಿಕ್ಕ ಚಾಕ್ ಚೂರುಗಳು ನನಗೆ ಸಿಗುತ್ತಿದ್ದವು. ಅಂಗಡಿಯ ಬಾಗಿಲ ಹಿಂಬದಿಯೇ ನನ್ನ ಮೊದಲ ಕ್ಯಾನ್ವಾಸ್. ಈಗ ಹಾಸ್ಟೆಲ್‌ನಲ್ಲಿ ಕಪ್ಪು ಪೆನ್ನು, ಒಂದು ಡಬ್ಬಿ ಜಲವರ್ಣ, ಎರಡು ಕುಂಚ ಇವೆ. ಲ್ಯಾಬ್ ರೆಕಾರ್ಡ್‌ನ ಖಾಲಿ ಪುಟಗಳೂ ಇವೆ.

ಎರಡು ವರ್ಷದ ಹಿಂದೆ ಗೆಳತಿಯೊಬ್ಬಳು ಒತ್ತಾಯಿಸಿದಳೆಂದು ಚಿತ್ರಗಳನ್ನು ಜಾಲತಾಣದಲ್ಲಿ ಹಾಕತೊಡಗಿದೆ. ಮೊದಮೊದಲು ಬರೀ ಚಿತ್ರ. ಇಪ್ಪತ್ತು ಮೂವತ್ತು ಜನ ನೋಡುತ್ತಿದ್ದರು, ಅದರಲ್ಲಿ ಹತ್ತು ಜನ ನನ್ನ ಕ್ಲಾಸಿನವರೇ. ಒಂದು ದಿನ ಪ್ಯಾಸೆಂಜರ್ ರೈಲಿನಲ್ಲಿ ಕಡಲೆಕಾಯಿ ಮಾರುವ ಅಜ್ಜಿಯ ಚಿತ್ರದ ಕೆಳಗೆ ನಾಲ್ಕು ಸಾಲು ಬರೆದೆ: ನಾನು ಚಿಲ್ಲರೆ ಇಲ್ಲ ಅಂದದ್ದು, ಆಕೆ "ಸೋಮ್ವಾರ ಇದೇ ರೈಲಲ್ಲಿ ಬರ್ತೀಯಲ್ಲ, ಆವಾಗ ಕೊಡು" ಅಂದದ್ದು. ಅದನ್ನು ನೂರಾರು ಜನ ನೋಡಿದರು. ಚಿತ್ರ ಹಿಂದಿನವುಗಳಿಗಿಂತ ಏನೂ ಚೆನ್ನಾಗಿರಲಿಲ್ಲ. ಅಜ್ಜಿಯ ಕೈ ಉದ್ದ ಜಾಸ್ತಿಯಾಗಿತ್ತು. ಜನರನ್ನು ಹಿಡಿದು ನಿಲ್ಲಿಸಿದ್ದು ಕೆಳಗಿದ್ದ ಕಥೆ. ಅಲ್ಲಿಂದ ಪ್ರತಿ ಚಿತ್ರಕ್ಕೂ ಒಂದು ಕಥೆ ಅಂಟಿಸುವ ಅಭ್ಯಾಸ ಶುರುವಾಯಿತು.

ಅಪ್ಪನ ಚಿತ್ರ ಬರೆದದ್ದು ಹೀಗೆಯೇ. ರಾತ್ರಿ ಒಂಬತ್ತೂವರೆಗೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಬಲ್ಬಿಗೆ ಸೂಜಿ ಎತ್ತಿ ಹಿಡಿದು ದಾರ ಪೋಣಿಸುತ್ತಿದ್ದರು. ನಾನು ಬರೆದ ಚಿತ್ರಗಳಲ್ಲಿ ಈಗಲೂ ನನಗೆ ತುಂಬಾ ಇಷ್ಟವಾದದ್ದು ಅದು. ಕೆಳಗೆ ಬರೆದದ್ದು ಮಾತ್ರ ಬೇರೆ. ರೆಡಿಮೇಡ್ ಬಟ್ಟೆ ಬಂದ ಮೇಲೆ ಅಂಗಡಿಯಲ್ಲಿ ಕೆಲಸ ಕಡಿಮೆಯಾದದ್ದು, ಮೂರನೇ ವರ್ಷದ ಫೀಸಿಗೆ ಅಮ್ಮನ ಸರ ಅಡ ಇಟ್ಟದ್ದು, ಅಪ್ಪ ಕಣ್ಣಿನ ಆಸ್ಪತ್ರೆಗೆ ಹೋಗುವುದನ್ನು ಮುಂದಕ್ಕೆ ಹಾಕುತ್ತಲೇ ಇರುವುದು. ಒಂದೂ ಸುಳ್ಳಿರಲಿಲ್ಲ. ಸಾವಿರಾರು ಜನ ಮೆಚ್ಚಿದರು. "ಕಣ್ಣಲ್ಲಿ ನೀರು ಬಂತು" ಎಂದು ಬರೆದವರೇ ಎಷ್ಟೋ ಜನ. "ನಮ್ಮ ತಂದೆಯದ್ದೂ ಹೀಗೇ ಬರೆದುಕೊಡಿ" ಎಂದು ನಾಲ್ಕು ಆರ್ಡರ್ ಬಂದವು. ಒಂದಕ್ಕೆ 600 ರೂಪಾಯಿಯಂತೆ 2,400 ರೂಪಾಯಿ ದುಡಿದೆ. ನನ್ನ ಜೀವನದ ಮೊದಲ ಸಂಪಾದನೆ. ಆ ಖುಷಿಯಲ್ಲಿ ಊರಿಗೆ ಹೋದಾಗ ಅಪ್ಪ ಊಟ ಮುಗಿಸಿ ಕೈ ತೊಳೆದು ಬಂದು ಕೂತು ಹೇಳಿದ್ದು ಇಷ್ಟೇ:

"ಚಿತ್ರ ಚೆನ್ನಾಗಿ ಬರ್ದಿದೀಯ. ಆದ್ರೆ ಕೆಳಗೆ ಬರ್ದಿರೋದು ಮನೆ ಮಾತು ಕಣಮ್ಮ. ನೀನು ಅದನ್ನ ಮನೆಮಾತು ಮಾಡ್ಬಿಟ್ಟೆ."

ಅಪ್ಪ ಬೈಯಲಿಲ್ಲ, ತೆಗೆದುಹಾಕು ಅಂತಲೂ ಅನ್ನಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಿರಾಕಿ ಕೊಟ್ಟ ಐನೂರನ್ನು ಅಪ್ಪ ವಾಪಸ್ ಕೊಟ್ಟಿದ್ದರು. ಅದೇ ಕಥೆಯಿಂದ ಬಂದ 2,400 ನನ್ನ ಖಾತೆಯಲ್ಲೇ ಇತ್ತು.

ಈ ಲೇಖನ ಬರೆಯುತ್ತಿರುವುದು ನನ್ನ ತಪ್ಪೊಪ್ಪಿಗೆಗಾಗಿ ಮಾತ್ರವಲ್ಲ. ಗ್ಯಾಲರಿ, ಗುರು, ದೊಡ್ಡ ಹೆಸರು ಯಾವುದೂ ಇಲ್ಲದೆ ಹಾಸ್ಟೆಲ್ ರೂಮಿನಲ್ಲಿ, ಬಾಡಿಗೆ ಮನೆಯಲ್ಲಿ ಚಿತ್ರ ಬರೆದು ಹಂಚಿಕೊಳ್ಳುವ ನನ್ನಂಥವರು ಇವತ್ತು ಊರಿಗೆ ಹತ್ತಾರು ಜನ ಇದ್ದಾರೆ. ಅವರಿಗೆಲ್ಲ ಸಿಗುವ ಸಲಹೆ ಒಂದೇ: "ನಿಮ್ಮ ಕಥೆ ಹೇಳಿ." ಸಲಹೆ ತಪ್ಪೇನಲ್ಲ. 2025ರ ಮಾರ್ಚ್‌ನಲ್ಲಿ ಜನರೆಲ್ಲ ತಮ್ಮ ಫೋಟೊಗಳನ್ನು ಎಐ ಕೈಗೆ ಕೊಟ್ಟು, ಜಪಾನಿನ ಸ್ಟುಡಿಯೊ ಜಿಬ್ಲಿಯ ಸಿನಿಮಾಗಳ ಶೈಲಿಗೆ ಬದಲಾಯಿಸಿಕೊಂಡದ್ದು ನಿಮಗೆ ನೆನಪಿರಬಹುದು. ಆಗ ನನ್ನ ಕ್ಲಾಸಿನ ಹುಡುಗನೊಬ್ಬ, "ನೀನು ಮೂರು ದಿನ ಕೂತು ಬರೆಯೋದನ್ನ ಇದು ಒಂದು ನಿಮಿಷದಲ್ಲಿ ಕೊಡುತ್ತೆ, ಇನ್ನು ನಿನ್ ಕಥೆ ಮುಗೀತು" ಅಂದಿದ್ದ. ಮುಗಿದಿಲ್ಲ. ರೈಲಿನ ಅಜ್ಜಿ ಸೋಮವಾರ ಕಾಸು ಕೊಡು ಅಂದದ್ದು ಯಂತ್ರಕ್ಕೆ ಗೊತ್ತಿಲ್ಲ, ನನಗೆ ಗೊತ್ತಿದೆ. ಚಿತ್ರ ಎಲ್ಲಿ ಬೇಕಾದರೂ ಸಿಗುವ ಕಾಲದಲ್ಲಿ, ಚಿತ್ರದ ಹಿಂದೆ ಒಬ್ಬ ಮನುಷ್ಯ ಕೂತಿದ್ದ ಎಂಬುದಕ್ಕೆ ಆ ನಾಲ್ಕು ಸಾಲೇ ಸಾಕ್ಷಿ. ಹಾಗಾಗಿ ಕಥೆ ಹೇಳುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಥೆಯಲ್ಲಿರುವವರಿಗೆ ಅದನ್ನು ಮೊದಲು ಹೇಳಿ, ಆಮೇಲೆ ಊರಿಗೆ ಹೇಳಿ ಎನ್ನುವುದಷ್ಟೇ ನನ್ನ ವಾದ.

ಚಿತ್ರದ ಜೊತೆ ಬದುಕಿನ ಸಂಗತಿ ಬರೆಯುವವರು ಸಾಮಾನ್ಯವಾಗಿ ಇಬ್ಬರು ಹಿರಿಯರ ಹೆಸರು ಹೇಳುತ್ತಾರೆ. ಒಬ್ಬರು ಗೋವಾದ ಮಾರಿಯೊ ಮಿರಾಂಡ. 1926ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದವರು. ಚಿಕ್ಕವರಿದ್ದಾಗ ಮನೆಯ ಗೋಡೆಗಳ ಮೇಲೆಲ್ಲ ಚಿತ್ರ ಬರೆಯುತ್ತಿದ್ದರೆಂದು ಅವರ ತಾಯಿ ಖಾಲಿ ಪುಸ್ತಕವೊಂದನ್ನು ತಂದುಕೊಟ್ಟರಂತೆ. ಅಲ್ಲಿಂದ ಡೈರಿಯ ಅಭ್ಯಾಸ ಬೆಳೆಯಿತು. ಇವತ್ತು ಎಲ್ಲಿಗೆ ಹೋದೆ, ಯಾರ ಮನೆಯಲ್ಲಿ ಮದುವೆ, ಯಾರು ಕುಡಿದು ಬಿದ್ದರು, ಎಲ್ಲವೂ ಚಿತ್ರವಾಗಿ, ಪಕ್ಕದಲ್ಲಿ ಒಂದೆರಡು ಸಾಲಾಗಿ ದಾಖಲಾಯಿತು. ಇಪ್ಪತ್ತರ ಹರೆಯದಲ್ಲಿ ಅವರು ಬರೆದ 1949, 1950, 1951ರ ಡೈರಿಗಳು ಈಗ ಪುಸ್ತಕಗಳಾಗಿವೆ. ಇನ್ನೊಬ್ಬ ವಿನ್ಸೆಂಟ್ ವ್ಯಾನ್ ಗೋ. ತಮ್ಮ ಥಿಯೋಗೆ ಆತ ಬರೆದ ಪತ್ರಗಳಲ್ಲಿ 650ಕ್ಕೂ ಹೆಚ್ಚು ಉಳಿದಿವೆ. ಎಷ್ಟೋ ಪತ್ರಗಳಲ್ಲಿ ಅಕ್ಷರಗಳ ನಡುವೆಯೇ ಪುಟ್ಟ ರೇಖಾಚಿತ್ರಗಳಿವೆ. ಏನು ಬರೆಯುತ್ತಿದ್ದೇನೆ, ಬಣ್ಣಕ್ಕೆ ದುಡ್ಡು ಎಷ್ಟು ಬೇಕು, ಮನಸ್ಸು ಹೇಗಿದೆ ಎಂಬುದೆಲ್ಲ ಅಲ್ಲಿದೆ.

ನಾನೂ ಇವರಿಬ್ಬರನ್ನು ತೋರಿಸಿಯೇ ನನ್ನನ್ನು ಸಮರ್ಥಿಸಿಕೊಳ್ಳುತ್ತಿದ್ದೆ. ಅಪ್ಪನ ಮಾತು ಕೇಳಿದ ಮೇಲೆ ಒಂದು ವಿಷಯ ಹೊಳೆಯಿತು. ಮಾರಿಯೊ ಡೈರಿ ಬರೆದದ್ದು ತಮಗಾಗಿ. ಅದು ಪುಸ್ತಕವಾಗಿ ನಮ್ಮ ಕೈಗೆ ಬಂದದ್ದು ದಶಕಗಳ ನಂತರ. ವ್ಯಾನ್ ಗೋ ಪತ್ರ ಬರೆದದ್ದು ತಮ್ಮನೊಬ್ಬನಿಗೆ. ವಿನ್ಸೆಂಟ್ ತೀರಿಕೊಂಡದ್ದು 1890ರಲ್ಲಿ, ಥಿಯೋ ತೀರಿಕೊಂಡದ್ದು 1891ರ ಜನವರಿಯಲ್ಲಿ. ಥಿಯೋನ ಹೆಂಡತಿ ಯೊಹಾನಾ ಆ ಪತ್ರಗಳನ್ನು ಜೋಡಿಸಿ ಸಂಪುಟಗಳಾಗಿ ಪ್ರಕಟಿಸಿದ್ದು 1914ರಲ್ಲಿ. ಅಂದರೆ ನಾವು ಮೆಚ್ಚುವ ಆ ಆತ್ಮೀಯತೆ ಹುಟ್ಟಿದ್ದೇ ಒಬ್ಬ ಓದುಗನ ಮುಂದೆ. ನಾನು ಅವರ ಧಾಟಿಯನ್ನು ಎರವಲು ತಂದೆ. ಆದರೆ ಒಬ್ಬರಿಗೆ ಹೇಳುವ ಮಾತನ್ನು ಅದೇ ರಾತ್ರಿ ಸಾವಿರ ಜನರಿಗೆ ಹೇಳಿಬಿಟ್ಟೆ. ಆ ಸಾವಿರ ಜನರಲ್ಲಿ ಅಪ್ಪನ ಗಿರಾಕಿಯೂ ಒಬ್ಬರಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ವ್ಯಾನ್ ಗೋನ ಬದುಕಿನದೇ ಇನ್ನೊಂದು ಪ್ರಸಂಗವಿದೆ. 1885ರಲ್ಲಿ ನೆದರ್ಲೆಂಡ್ಸ್‌ನ ನ್ಯೂನೆನ್ ಎಂಬ ಹಳ್ಳಿಯಲ್ಲಿದ್ದಾಗ ಆತ 'ಆಲೂಗಡ್ಡೆ ತಿನ್ನುವವರು' ಚಿತ್ರ ಬರೆದ. ದೀಪದ ಕೆಳಗೆ ಕೂತು ಉಣ್ಣುತ್ತಿರುವ ಬಡ ರೈತ ಕುಟುಂಬ. ಆ ಮನೆಯ ಹೆಣ್ಣುಮಗಳೊಬ್ಬಳು ಮದುವೆಗೆ ಮೊದಲೇ ಗರ್ಭಿಣಿಯಾದಾಗ ಊರಿನ ಅನುಮಾನ ಆಕೆಯ ಚಿತ್ರ ಬರೆಯುತ್ತಿದ್ದ ವ್ಯಾನ್ ಗೋ ಮೇಲೆ ಬಿತ್ತು. ತಾನಲ್ಲ ಎಂದು ಆತ ಹೇಳಿದ. ಆದರೂ ಅಲ್ಲಿನ ಪಾದ್ರಿ, ಇವನ ಮುಂದೆ ಯಾರೂ ಚಿತ್ರಕ್ಕೆ ಕೂರಬಾರದೆಂದು ತನ್ನ ಜನರಿಗೆ ತಾಕೀತು ಮಾಡಿದ. ಅದೇ ವರ್ಷದ ಕೊನೆಗೆ ವ್ಯಾನ್ ಗೋ ಊರು ಬಿಟ್ಟು ಆಂಟ್ವರ್ಪ್‌ಗೆ ಹೋದ. ತಪ್ಪು ಯಾರದೆಂಬುದು ಇಲ್ಲಿ ನನ್ನ ವಿಷಯವಲ್ಲ. ಚಿತ್ರ ಬರೆದವನಿಗೆ ಊರು ಬಿಟ್ಟು ಹೋಗುವ ದಾರಿಯಿತ್ತು, ಚಿತ್ರದೊಳಗಿದ್ದವರಿಗೆ ಅಷ್ಟು ಸುಲಭದ ದಾರಿ ಇರಲಿಲ್ಲ. ನಾನು ಭಾನುವಾರ ಸಂಜೆ ರೈಲು ಹತ್ತಿ ತುಮಕೂರಿಗೆ ಬಂದುಬಿಡುತ್ತೇನೆ. ಸೋಮವಾರ ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ, ಅದೇ ಗಿರಾಕಿಗಳ ಮುಖ ನೋಡಬೇಕಾದವರು ಅಪ್ಪ.

ಇದನ್ನು ಗೆಳತಿಯ ಹತ್ತಿರ ಹೇಳಿಕೊಂಡಾಗ ಅವಳು ಜಗಳಕ್ಕೇ ಬಂದಳು. "ಎಲ್ಲರನ್ನೂ ಕೇಳ್ಕೊಂಡು ಬರೆಯೋಕೆ ಕೂತ್ರೆ ಒಂದು ಸತ್ಯವೂ ಹೊರಗೆ ಬರಲ್ಲ. ಮನೆ ಮರ್ಯಾದೆ ಅಂತಾನೇ ಅಲ್ವಾ ಹೆಣ್ಮಕ್ಕಳ ಬಾಯಿ ಮುಚ್ಚಿಸೋದು?" ಅಂದಳು. ಇದು ತಳ್ಳಿಹಾಕುವ ಮಾತಲ್ಲ. ಹೊಡೆದವನನ್ನು, ಹಿಂಸೆ ಕೊಟ್ಟವನನ್ನು ಚಿತ್ರಿಸಲು ಅವನ ಒಪ್ಪಿಗೆ ಕೇಳಬೇಕಾಗಿಲ್ಲ. ಅನುಭವಿಸಿದವರಿಗೆ ಅದನ್ನು ಹೇಳುವ ಪೂರ್ತಿ ಹಕ್ಕಿದೆ. ಆದರೆ ನನ್ನಪ್ಪ ನನಗೆ ಅನ್ಯಾಯ ಮಾಡಿದವರಲ್ಲ. ನನಗಾಗಿ ಕಷ್ಟಪಟ್ಟವರು. ಆ ಕಷ್ಟ ಅವರದು, ಅದರ ಲಾಭ ನನ್ನದು. ಕಷ್ಟ ಕೊಟ್ಟವರ ಬಗ್ಗೆ ಬರೆಯುವುದಕ್ಕೂ, ನಮಗಾಗಿ ಕಷ್ಟಪಟ್ಟವರ ಬಗ್ಗೆ ಬರೆಯುವುದಕ್ಕೂ ವ್ಯತ್ಯಾಸ ಇರಬೇಕಲ್ಲವೇ?

ಇನ್ನು, ವಿವರ ಕಡಿಮೆಯಾದರೆ ಸತ್ಯವೂ ಕಡಿಮೆಯಾಗುತ್ತದೆ ಎಂಬ ಭಯ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನನ್ನು ನೋಡಿ. ಚೌಕಳಿ ಕೋಟು, ಧೋತಿ, ದುಂಡು ಕನ್ನಡಕ. ಅವನಿಗೆ ಹೆಸರಿಲ್ಲ, ಮಾತೂ ಇಲ್ಲ. ಅವನ ಮನೆಯ ಸಾಲ ಎಷ್ಟೆಂದು ಲಕ್ಷ್ಮಣ್ ನಮಗೆ ಹೇಳಲಿಲ್ಲ. ಆದರೂ ದಶಕಗಟ್ಟಲೆ ಜನ ಬೆಳಿಗ್ಗೆ ಪತ್ರಿಕೆ ತೆರೆದು "ಇದು ನಾನೇ" ಅಂದುಕೊಂಡರು. ಅಡ ಇಟ್ಟ ಸರದ ಲೆಕ್ಕ ಹೇಳದಿದ್ದರೂ, ಸೂಜಿಗೆ ದಾರ ಪೋಣಿಸಲು ಒದ್ದಾಡುವ ಕಣ್ಣುಗಳು ಎಲ್ಲವನ್ನೂ ಹೇಳುತ್ತಿದ್ದವು. ಗೆರೆ ಹೇಳಿದ್ದನ್ನು ನಂಬದೆ ನಾನು ಅಕ್ಷರದಲ್ಲಿ ಮತ್ತೊಮ್ಮೆ ಹೇಳಿದೆ, ಕರುಣೆ ಹುಟ್ಟಲಿ ಎಂದು. ಕರುಣೆ ಹುಟ್ಟಿತು, ಐನೂರರ ನೋಟಾಗಿ ಅಪ್ಪನ ಅಂಗಡಿಗೇ ಬಂತು.

ಈ ವರ್ಷದ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದೆ. ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಸಂತೆ. ಆ ಭಾನುವಾರ ಕುಮಾರಕೃಪಾ ರಸ್ತೆಯ ತುಂಬ ಕಲಾವಿದರು ತಮ್ಮ ಚಿತ್ರಗಳನ್ನು ಇಟ್ಟುಕೊಂಡು ಕೂರುತ್ತಾರೆ. ಅಲ್ಲಿ ವಯಸ್ಸಾದ ಕಲಾವಿದರೊಬ್ಬರನ್ನು ಅರ್ಧ ಗಂಟೆ ಗಮನಿಸಿದೆ. ಅವರ ಮುಂದೆ ಹಳೇ ಮನೆಯ ಜಗಲಿಯ ಒಂದು ಜಲವರ್ಣವಿತ್ತು. ಒಬ್ಬರು ಬಂದು ಬೆಲೆ ಕೇಳಿದರು. ಇವರು ಬೆಲೆ ಹೇಳಿದರು, ಅಷ್ಟೇ. ಇನ್ನೊಬ್ಬರು ಸೆಲ್ಫಿ ತೆಗೆದುಕೊಂಡು ಹೋದರು. ಆಮೇಲೆ ಒಬ್ಬ ಹೆಂಗಸು ಚಿತ್ರದ ಮುಂದೆ ಸುಮ್ಮನೆ ಬಹಳ ಹೊತ್ತು ನಿಂತು, "ಈ ಕಂಬಕ್ಕೆ ಒರಗಿ ಯಾರೋ ಕೂತು ಎದ್ದು ಹೋದ ಹಾಗಿದೆ" ಅಂದರು. ಆಗ ಅವರು ಕುರ್ಚಿ ಎಳೆದು ಕೂರಿಸಿ ಕಥೆ ಹೇಳಿದರು. ಏನು ಹೇಳಿದರೆಂದು ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಯಾರಿಗೆ ಎಷ್ಟು ಹೇಳಬೇಕೆಂದು ಅವರು ಎದುರಿನವರ ಮುಖ ನೋಡಿ ತೀರ್ಮಾನಿಸುತ್ತಿದ್ದರು. ನಾವು ಜಾಲತಾಣದಲ್ಲಿ ಕಳೆದುಕೊಂಡಿರುವುದು ಆ ಮುಖಗಳನ್ನು.

ಚಿತ್ರ ಬರೆಯದವರಿಗೆ ಇದು ಸಂಬಂಧವಿಲ್ಲದ ವಿಷಯ ಅನ್ನಿಸಬಹುದು. ಆದರೆ ಪ್ಲೇಸ್‌ಮೆಂಟ್ ಸೀಸನ್ ಬಂದಾಗ ಸುತ್ತ ನೋಡಿ. ಕೆಲಸ ಸಿಕ್ಕ ಮರುದಿನವೇ, "ಅಪ್ಪ ಕೂಲಿ ಮಾಡಿ ಓದಿಸಿದರು, ಅಮ್ಮ ಮನೆಗೆಲಸಕ್ಕೆ ಹೋದರು, ಇವತ್ತು ನಾನು ಎಂಜಿನಿಯರ್" ಎಂಬ ಬರಹ ಬರುತ್ತದೆ. ಸಂದರ್ಶನದಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂದರೆ ಮನೆಯ ಬಡತನದಿಂದ ಶುರು ಮಾಡಿ ಎಂದು ಹೇಳಿಕೊಡುವ ಸೀನಿಯರ್‌ಗಳೂ ಇದ್ದಾರೆ. ಹೆಮ್ಮೆಯಿಂದ ಹೇಳುವವರನ್ನು ನಾನು ಹಂಗಿಸುವುದಿಲ್ಲ. ಎಷ್ಟೋ ತಂದೆ–ತಾಯಿಗೆ ಅದು ಸಂತೋಷವೇ ಇರಬಹುದು. ಇರಬಹುದು ಎಂದು ನಾವೇ ಅಂದುಕೊಳ್ಳುವ ಬದಲು ಒಂದು ಫೋನ್ ಮಾಡಿ ಕೇಳಬಹುದಲ್ಲ? ಅವರ ಬೆವರು ನಮ್ಮ ಬಯೋಡೇಟಾದ ಒಂದು ಸಾಲು ಆಗುವ ಮೊದಲು ಅವರಿಗೆ ಗೊತ್ತಾಗಬೇಡವೇ?

ಈಗ ನಾನು ಪಾಲಿಸುತ್ತಿರುವ ನಿಯಮ ಸರಳ. ಯಾರ ಚಿತ್ರವೋ ಅವರೇ ಮೊದಲ ಓದುಗರು. ರೈಲಿನ ಅಜ್ಜಿಗೂ ಚಿತ್ರ ತೋರಿಸಿ, ಬರೆದದ್ದನ್ನು ಓದಿ ಹೇಳಿದೆ. ಆಕೆ "ನನ್ ಕೈ ಇಷ್ಟುದ್ದ ಇದೆಯೇನೇ?" ಎಂದು ನಕ್ಕರು. ಎರಡನೆಯದು, ಕಥೆಯಲ್ಲಿ ನನ್ನ ಪಾಲೆಷ್ಟು, ಬೇರೆಯವರ ಪಾಲೆಷ್ಟು ಎಂದು ನೋಡುತ್ತೇನೆ. ನನ್ನ ಸೋಲು, ನನ್ನ ಬ್ಯಾಕ್‌ಲಾಗ್, ನನ್ನ ಭಯ ಇವುಗಳನ್ನು ಎಷ್ಟು ಬೇಕಾದರೂ ಬಿಚ್ಚಿಡಬಹುದು. ಇದರಿಂದ ನಷ್ಟವಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಅಪ್ಪನ ಚಿತ್ರದ ಕೆಳಗಿದ್ದ ಬರಹವನ್ನು ತೆಗೆದು, "ಅಪ್ಪ, ರಾತ್ರಿ ಒಂಬತ್ತೂವರೆ" ಎಂದಷ್ಟೇ ಬರೆದೆ. ಆಮೇಲೆ ಹಾಕಿದ ಚಿತ್ರಗಳನ್ನು ನೋಡುವವರು ಕಡಿಮೆಯಾಗಿದ್ದಾರೆ. ಮೂರು ತಿಂಗಳಿಂದ ಬಂದದ್ದು ಒಂದೇ ಆರ್ಡರ್. ಆ 2,400 ರೂಪಾಯಿ ಅಪ್ಪನ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ಕೊನೆಗೆ ನಾನೇ ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿಸಿ, ಹೊಸ ಕನ್ನಡಕ ಹಾಕಿಸಿದೆ. ಅದಕ್ಕೆ ಮಾತ್ರ ಬೇಡ ಅನ್ನಲಿಲ್ಲ.

ಇಷ್ಟೆಲ್ಲ ಹೇಳಿ ನೀನೀಗ ಪತ್ರಿಕೆಯಲ್ಲೇ ಬರೆಯುತ್ತಿದ್ದೀಯಲ್ಲ ಎಂದು ನೀವು ಕೇಳಬಹುದು. ಕಳಿಸುವ ಮೊದಲು ಈ ಲೇಖನವನ್ನು ಅಪ್ಪ–ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಓದಿದ್ದೇನೆ. ಅಪ್ಪ ಎರಡು ಸಾಲು ತೆಗೆಸಿದರು. ಯಾವುವೆಂದು ಹೇಳುವುದಿಲ್ಲ. ಸರದ ವಿಷಯ ಬಂದಾಗ ನಾನು ಅಮ್ಮನ ಮುಖ ನೋಡಿದೆ. "ಅದು ಆಗ್ಲೇ ಊರಿಗೆಲ್ಲ ಗೊತ್ತಾಗಿದೆ, ಇರ್ಲಿ ಬಿಡು" ಅಂದಳು.

ಅದೇ ದಿನ ಅಮ್ಮನ ಚಿತ್ರವನ್ನೂ ಬರೆದಿದ್ದೆ. ಹಿತ್ತಲಲ್ಲಿ ಕೂತು ಕೊಬ್ಬರಿ ತುರಿಯುತ್ತಿರುವ ಅಮ್ಮ. ನನ್ನ ನಿಯಮದಂತೆ ಮೊದಲು ಅವಳಿಗೇ ತೋರಿಸಿದೆ. ಚಿತ್ರವನ್ನು ಹಿಂದೆ ಮುಂದೆ ಹಿಡಿದು ನೋಡಿ, "ಎಲ್ಲಾ ಸರಿ, ಕೊರಳು ಯಾಕೆ ಬೋಳು? ಸರ ಬಿಡಿಸು" ಅಂದಳು. ಸರ ಇನ್ನೂ ಬ್ಯಾಂಕಿನಲ್ಲಿದೆ. ಇಲ್ಲದ್ದನ್ನು ಬರೆದರೆ ಸುಳ್ಳಾಗುವುದಿಲ್ಲವೇ ಎಂದು ನಾನು ಪೆನ್ನು ಹಿಡಿದು ಯೋಚಿಸುತ್ತಿದ್ದೆ. ಹೊಸ ಕನ್ನಡಕದಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಅಪ್ಪ ತಲೆ ಎತ್ತದೆ ಅಂದರು: "ನೀನು ಪೇಪರಲ್ಲಿ ಬಿಡಿಸು, ನಾನು ಬ್ಯಾಂಕಿಂದ ಬಿಡಿಸ್ತೀನಿ."

ಬಿಡಿಸಿದೆ. ಆ ಚಿತ್ರವನ್ನು ಇನ್ನೂ ಎಲ್ಲೂ ಹಾಕಿಲ್ಲ.